ನಿನ್ನ ಅಪ್ಪನ ಚಿತ್ರ ನೋಡಿದೆ

ಗೆಳೆಯಾ,

ನೀನು ಕಳಿಸಿದ ಅಪ್ಪನ ಚಿತ್ರದ ಫೋಟೊ ಮೂರು ದಿನದಿಂದ ಮೊಬೈಲಿನಲ್ಲಿದೆ. ಆಗಾಗ ತೆಗೆದು ನೋಡುತ್ತಿದ್ದೇನೆ. ಅರ್ಧ ಮುಖ ಕೆಂಪು, ಅರ್ಧ ನೀಲಿ. ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ಕಣ್ಣೀರು. "ಅವರ ಮೇಲೆ ಕೋಪ ಇನ್ನೂ ಆರಿಲ್ಲ, ಅವರಿಲ್ಲದ ಮನೆಯೊಳಗೆ ಕಾಲಿಡೋಕೂ ಆಗ್ತಿಲ್ಲ. ಎರಡನ್ನೂ ಒಂದೇ ಮುಖದಲ್ಲಿ ಹೇಗೆ ತರಲಿ?" ಅಂತ ಕೇಳಿದ್ದೀಯ.

ಮುಖದಲ್ಲಿ ತರಬೇಡ ಕಣೋ.

ಮೆಕ್ಸಿಕೊದ ಚಿತ್ರಕಾರ್ತಿ ಫ್ರೀಡಾ ಕಾಲೋ 1939ರಲ್ಲಿ ಬರೆದ 'ಇಬ್ಬರು ಫ್ರೀಡಾ' ಚಿತ್ರ ನೋಡು. ಡಿಯೆಗೊ ರಿವೆರಾ ಜೊತೆ ಅವಳ ವಿಚ್ಛೇದನ ಆದದ್ದೂ ಅದೇ ವರ್ಷ. ಚಿತ್ರ ಈಗ ಮೆಕ್ಸಿಕೊ ಸಿಟಿಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಉದ್ದಗಲ ಎರಡೂ ಸುಮಾರು 173 ಸೆಂಟಿಮೀಟರ್, ಅಂದರೆ ಆಳೆತ್ತರ. ನಾನು ನೋಡಿದ್ದು ಅಚ್ಚಿನಲ್ಲಿ ಮಾತ್ರ. ಒಂದೇ ಬೆಂಚಿನ ಮೇಲೆ ಇಬ್ಬರು ಫ್ರೀಡಾ ಕೈ ಹಿಡಿದು ಕೂತಿದ್ದಾರೆ. ಎಡಗಡೆಯವಳಿಗೆ ಯುರೋಪಿನ ಬಿಳಿ ಲೇಸಿನ ಗೌನು. ಬಲಗಡೆಯವಳಿಗೆ ಮೆಕ್ಸಿಕೊದ ಟೆಹುವಾನಾ ಹೆಂಗಸರ ಉಡುಗೆ, ಡಿಯೆಗೊಗೆ ಇಷ್ಟವಾಗಿದ್ದ ಉಡುಗೆ. ಮುಖಗಳು ಮಾತ್ರ ಒಂದೇ ಥರ. ಅಳು ಇಲ್ಲ, ಸಿಟ್ಟೂ ಇಲ್ಲ. ಕುತ್ತಿಗೆಯಿಂದ ಕೆಳಗೆ ಅಂಗೈಯಿಂದ ಮುಚ್ಚಿ ನೋಡಿದೆ. ಯಾರು ಜಾಸ್ತಿ ನೊಂದವಳು ಅಂತ ಹೇಳೋಕೇ ಬರಲ್ಲ.

ಕೈ ತೆಗೆದರೆ ಇಬ್ಬರ ಹೃದಯವೂ ಹೊರಗೇ ಕಾಣುತ್ತದೆ. ಬಲಗಡೆಯವಳ ಕೈಯಲ್ಲಿ ಡಿಯೆಗೊನ ಬಾಲ್ಯದ ಒಂದು ಪುಟ್ಟ ಪಟ. ಅಲ್ಲಿಂದ ಹೊರಟ ರಕ್ತನಾಳ ಅವಳ ತೋಳು ಸುತ್ತಿ ಹೃದಯ ಸೇರಿ, ಅಲ್ಲಿಂದ ಇನ್ನೊಬ್ಬಳ ಸೀಳಿದ ಹೃದಯಕ್ಕೆ ಹೋಗಿ, ಅವಳ ಮಡಿಲಲ್ಲಿ ಕತ್ತರಿಸಿಕೊಂಡು ನಿಲ್ಲುತ್ತದೆ. ಅವಳು ಆಪರೇಷನ್ ಇಕ್ಕಳದಿಂದ ತುದಿ ಹಿಡಿದಿದ್ದಾಳೆ. ಆದರೂ ರಕ್ತ ತೊಟ್ಟಿಕ್ಕುತ್ತಿದೆ. ಬಿಳಿ ಲಂಗದ ಅಂಚಿನಲ್ಲಿ ಪುಟ್ಟ ಕೆಂಪು ಹೂಗಳಿವೆ. ಯಾವುದು ಹೂವು, ಯಾವುದು ರಕ್ತದ ಹನಿ ಅಂತ ಹುಡುಕುತ್ತಾ ಎಷ್ಟು ಹೊತ್ತು ಕೂತಿದ್ದೆನೋ.

1940ರ ಡಿಸೆಂಬರಿನಲ್ಲಿ ಅವಳು ಅದೇ ಡಿಯೆಗೊನನ್ನು ಮತ್ತೆ ಮದುವೆಯಾದಳು. ಆ ನಾಳದ ಇನ್ನೊಂದು ತುದಿ ಅವನ ಪಟಕ್ಕೇ ಅಂಟಿಕೊಂಡಿದ್ದನ್ನು ನೋಡಿದ ಮೇಲೆ ನನಗೇನೂ ಆಶ್ಚರ್ಯ ಆಗಲಿಲ್ಲ.

ಈಗ ನಿನ್ನ ಚಿತ್ರಕ್ಕೆ ಬರ್ತೀನಿ. ಒಡೆದ ಕನ್ನಡಿ, ಬಾಡಿದ ಗುಲಾಬಿ ಅಂತ ಎಲ್ಲಿಂದಲೋ ಸಂಕೇತ ತಂದು ಹಾಕಬೇಡ. ಫ್ರೀಡಾ ತಾನು ಉಟ್ಟ ಬಟ್ಟೆಯನ್ನೇ ಬರೆದಳು. ಮೈಗೆ ಎಷ್ಟೋ ಆಪರೇಷನ್ ಆದವಳು, ಆ ಇಕ್ಕಳ ಅವಳಿಗೆ ಹೊಸದಲ್ಲ. ನಿನಗೂ ನಿನ್ನವೇ ಆದ ವಸ್ತುಗಳಿವೆಯಲ್ಲ? ಸೂರಿಗೆ ಸಿಕ್ಕಿಸಿಟ್ಟಿದ್ದ ಹುಣಸೆ ಬರಲು. ಸಂತೆಯಿಂದ ಅಪ್ಪ ಟವೆಲಿನಲ್ಲಿ ಗಂಟು ಕಟ್ಟಿಕೊಂಡು ತರುತ್ತಿದ್ದ ಮಂಡಕ್ಕಿ. ಆ ಗಂಟು ಬಿಚ್ಚುವಾಗ ನಾನೂ ಎಷ್ಟೋ ಸಲ ಜಗಲಿಯಲ್ಲಿದ್ದೆ. ಅಂಗಿಯ ತೋಳು ಎಳೆದು ಬಾಸುಂಡೆ ಮುಚ್ಚಿಕೊಂಡೇ ನೀನು ಬೊಗಸೆ ಒಡ್ಡುತ್ತಿದ್ದೆ.

ಆ ಬೊಗಸೆ ಬರಿ ಮಾರಾಯ. ಅಪ್ಪನ ಮುಖ ಸುಮ್ನೆ ಇರಲಿ, ಸಂಜೆ ಸುಸ್ತಾಗಿ ಬಂದು ಕೂತಾಗ ಇರುತ್ತಿತ್ತಲ್ಲ, ಹಾಗೇ. ಹುಣಸೆ ಬರಲು ಹಿಡಿದ ಕೈ, ಗಂಟು ಬಿಚ್ಚುವ ಕೈ, ಎರಡೂ ಅವರದೇ. ಬಣ್ಣ ಬೇರೆ ಮಾಡಬೇಡ.

ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ಆ ಟವೆಲ್ ಇನ್ನೂ ಇದ್ಯಾ? ಇದ್ದರೆ ಒಗೆಯದೆ ಹಾಗೇ ಇಟ್ಟಿರು.

ಇಂತಿ,
ನಿನ್ನ ಗೆಳೆಯ