ಭಾನುವಾರದ ಚರ್ಚೆ: ಟೆನೆಸ್ಸೀ ಒಳಗಿನ ಅಂತರ್ಯುದ್ಧ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಅಮೆರಿಕದ ಅಂತರ್ಯುದ್ಧವನ್ನು ಟೆನೆಸ್ಸೀ ಎಂಬ ಒಂದೇ ರಾಜ್ಯದಲ್ಲಿ ನಿಂತು ನೋಡೋಣ. ದೇಶದ ಒಕ್ಕೂಟ ಉಳಿಸಲು ಹೋರಾಡಿದ ಉತ್ತರ, ಅದನ್ನು ತೊರೆದ ದಕ್ಷಿಣ ಎಂದು ಗೆರೆ ಎಳೆದು ಮುಗಿಸುವ ಕಥೆ ಇದಲ್ಲ.

1861ರ ಫೆಬ್ರವರಿಯಲ್ಲಿ ಒಕ್ಕೂಟ ತೊರೆಯುವ ಮಾತನ್ನೇ ತಳ್ಳಿಹಾಕಿದ್ದ ಇಲ್ಲಿನ ಮತದಾರರು, ಬೇರೆಯಾದ ದಕ್ಷಿಣದ ರಾಜ್ಯಗಳನ್ನು ಹತ್ತಿಕ್ಕಲು ಅಧ್ಯಕ್ಷ ಲಿಂಕನ್ 75,000 ಸೈನಿಕರನ್ನು ಕೇಳಿದ ಮೇಲೆ ಜೂನ್ 8ರಂದು ಒಪ್ಪಿದರು. ಗುಲಾಮರು ಕಡಿಮೆಯಿದ್ದ ಪೂರ್ವದ ಗುಡ್ಡಗಾಡು ಮಾತ್ರ ಜಗ್ಗಲಿಲ್ಲ. ಅಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮತ ವಿರುದ್ಧವಾಗಿ ಬಿತ್ತು. ನವೆಂಬರ್ 8ರ ರಾತ್ರಿ ಅಲ್ಲಿನ ಒಕ್ಕೂಟದ ಪರವಾದವರೇ ದಕ್ಷಿಣದ ಸೈನ್ಯ ಬಳಸುತ್ತಿದ್ದ ರೈಲ್ವೆ ಸೇತುವೆಗಳಿಗೆ ಬೆಂಕಿಯಿಟ್ಟರು. ಸಿಕ್ಕವರನ್ನು ಗಲ್ಲಿಗೇರಿಸಿ, ಹೆಣಗಳನ್ನು ಸುಟ್ಟ ಸೇತುವೆಗಳ ಬಳಿಯೇ ನೇತಾಡಲು ಬಿಡುವುದು ಒಳ್ಳೆಯದೆಂದು ದಕ್ಷಿಣದ ಯುದ್ಧ ಕಾರ್ಯದರ್ಶಿ ಜೂಡಾ ಬೆಂಜಮಿನ್ ಬರೆದರು. ತಮ್ಮದೇ ನೆಲದ ಜನರ ಮೇಲೆ ಇಂಥ ಆದೇಶ! ಓದುವಾಗ ಕರುಳು ಹಿಂಡುತ್ತದೆ.

1862ರಲ್ಲಿ ಟೆನೆಸ್ಸೀಯ ರಾಜಧಾನಿ ನ್ಯಾಶ್‌ವಿಲ್ ಉತ್ತರದ ವಶವಾಯಿತು. ಅದೇ ವರ್ಷ ಇದೇ ರಾಜ್ಯದ ಶೈಲೋದಲ್ಲಿ ನಡೆದ ಕದನದ ಎರಡೇ ದಿನಗಳಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು 23,000ಕ್ಕೂ ಹೆಚ್ಚು. ಟೆನೆಸ್ಸೀಯ ಸುಮಾರು 20,000 ಕಪ್ಪು ಜನ ಒಕ್ಕೂಟದ, ಅಂದರೆ ಉತ್ತರದ, ಸೈನ್ಯ ಸೇರಿದ್ದನ್ನು ಚರ್ಚೆಯಲ್ಲಿ ಖಂಡಿತ ಮರೆಯಬಾರದು.

1864ರ ನವೆಂಬರ್ 30ರಂದು ಇದೇ ರಾಜ್ಯದ ಫ್ರ್ಯಾಂಕ್ಲಿನ್ ಊರಲ್ಲಿ ನಡೆದ ಕದನಕ್ಕೆ ಹೆಚ್ಚು ಸಮಯ ಇಡೋಣ. ದಕ್ಷಿಣದ ಕ್ಯಾಪ್ಟನ್ ಟಾಡ್ ಕಾರ್ಟರ್ ತನ್ನ ಮನೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಗುಂಡೇಟು ತಿಂದು ಬಿದ್ದ. ಆಗ ಮನೆಯವರು ನೆಲಮಾಳಿಗೆಯಲ್ಲಿ ಅಡಗಿದ್ದರು. ಕದನ ಮುಗಿದ ಮೇಲೆ ಅವರೇ ಅವನನ್ನು ಹುಡುಕಿ ಹೊತ್ತು ತಂದರು. ಡಿಸೆಂಬರ್ 2ರಂದು ಆ ಮನೆಯಲ್ಲೇ ತೀರಿಕೊಂಡ.

ಟೆನೆಸ್ಸೀಯ ನಕ್ಷೆಯೊಂದನ್ನು ಎದುರಿಗಿಟ್ಟುಕೊಂಡು ಬನ್ನಿ. ಪ್ರಶ್ನೆಗಳಿದ್ದರೆ ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ.