ಪೈಲಟ್ ವಾಚಿನ ಕಬ್ಬಿಣದ ಒಳಮುಚ್ಚಳ ಎಲ್ಲಿ? ಸರ್ವಿಸ್ ಸೆಂಟರಿಗೆ ಕೊನೆಯ ದೂರು ಪತ್ರ

ಚಿಕ್ಕಮಗಳೂರು
04-08-2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
ಪ್ರತಿ: ಬೆಂಗಳೂರಿನ ಅಧಿಕೃತ ಸರ್ವಿಸ್ ಸೆಂಟರ್

ವಿಷಯ: ಸರ್ವಿಸ್‌ಗೆ ಕೊಟ್ಟ ವಾಚಿನ ಒಳಮುಚ್ಚಳ ಕಾಣೆಯಾಗಿರುವುದು, ಗಾಜಿನೊಳಗೆ ತೇವ ಸೇರಿರುವುದು ಮತ್ತು ಎರಡನ್ನೂ ಗ್ರಾಹಕರ ತಪ್ಪೆಂದು ಬರೆದಿರುವುದು.

ಮಾನ್ಯರೇ,

ಮಾರ್ಚ್ 11ರಂದು ಪೂರ್ತಿ ಸರ್ವಿಸ್‌ಗೆಂದು ಕೊಟ್ಟ ವಾಚನ್ನು ನಿಮ್ಮ ಬೆಂಗಳೂರು ಸೆಂಟರ್ ಏಪ್ರಿಲ್ 24ರಂದು ಹಿಂದಿರುಗಿಸಿತು. ಸರ್ವಿಸ್ ಶುಲ್ಕ 38,500 ರೂ., ಶೇ. 18 ಜಿಎಸ್‌ಟಿ 6,930 ರೂ., ಒಟ್ಟು 45,430 ರೂ. ಪಾವತಿಯಾಗಿದೆ. ಹಿಂದಿರುಗಿ ಬಂದ ವಾಚಿನೊಳಗೆ ಒಂದು ಭಾಗವೇ ಇಲ್ಲ. ಏಳು ಸಲ ಫೋನ್ ಮಾಡಿ, ಮೂರು ಸಲ ಈಮೇಲ್ ಬರೆದು, ಒಮ್ಮೆ ಖುದ್ದಾಗಿ ಬಂದು ಹೇಳಿದ್ದಾಯಿತು. ಇದು ಕೊನೆಯ ಪತ್ರ.

ನಿಮ್ಮದೇ ವಾಚಿನ ವಿವರ ನಿಮಗೆ ಗೊತ್ತಿರಬೇಕು. ಆದರೂ ಕೌಂಟರಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 40 ಮಿ.ಮೀ. ಸ್ಟೀಲ್ ಕೇಸು, ಕಪ್ಪು ಡಯಲ್, 12ರ ಜಾಗದಲ್ಲಿ ತ್ರಿಕೋನ ಮತ್ತು ಎರಡು ಚುಕ್ಕೆ, ಹಳೆಯ ರೇಡಿಯಂ ಬಣ್ಣದ ಮುಳ್ಳುಗಳು, 60 ಮೀಟರ್ ನೀರುತಡೆ. 2019ರ ಬಿಲ್ಲಿನಲ್ಲಿ ಬೆಲೆ 4,12,000 ರೂ. ಈ ಬೆಲೆಗೆ ನೀವು ಕೊಟ್ಟ ಕಾರಣ ಕಿರುಹೊತ್ತಿಗೆಯ ಮೊದಲ ಎರಡು ಪುಟಗಳಲ್ಲಿದೆ. ಎರಡನೇ ಮಹಾಯುದ್ಧ ಕಾಲದ ಜರ್ಮನ್ ವಾಯುಪಡೆಯ ವೀಕ್ಷಕರ, ಅಂದರೆ ವಿಮಾನದಲ್ಲಿ ಕೂತು ದಾರಿ ಲೆಕ್ಕ ಹಾಕುತ್ತಿದ್ದವರ, ವಾಚುಗಳನ್ನು ಅಲ್ಲಿ ನೆನೆದಿದ್ದೀರಿ. ಅವನ್ನು ಲಾಂಗೆ, ಲಾಕೊ, ಸ್ಟೋವಾ, ವೆಂಪೆ, ಐಡಬ್ಲ್ಯುಸಿ ಎಂಬ ಐದು ತಯಾರಕರು ಮಾಡಿದರು. ಕೇಸಿನ ಅಗಲ 55 ಮಿ.ಮೀ. ಕೈಗವಸು ಹಾಕಿಕೊಂಡೇ ತಿರುಗಿಸಲು ಬರುವಂತೆ ಕೀಲಿಯ ಗುಂಡಿ ದಪ್ಪಗಿತ್ತು. ಕೋಟಿನ ತೋಳಿನ ಮೇಲೆ ಕಟ್ಟಿಕೊಳ್ಳಲು ಪಟ್ಟಿ ಉದ್ದವಾಗಿತ್ತು. ಆಮೇಲಿನ ಪುಟದಲ್ಲಿ ಬ್ರಿಟಿಷ್ ವಾಯುಪಡೆಗಾಗಿ 1948ರಲ್ಲಿ ಬಂದ ಮಾರ್ಕ್ 11ರ ಹೆಸರು ಹೇಳಿ, ಅದರಲ್ಲಿದ್ದಂತೆಯೇ ಈ ವಾಚಿನಲ್ಲೂ ಯಂತ್ರದ ಸುತ್ತ ಮೆತುಕಬ್ಬಿಣದ ಕವಚವಿದೆ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದೀರಿ. ಈ ವಾಚನ್ನು ಕೊಳ್ಳುವವರು ಆ ಸಾಲನ್ನು ನಂಬಿ ಕೊಳ್ಳುತ್ತಾರೆ.

ಕವಚಕ್ಕೆ ಮೂರು ಭಾಗ: ಮುಂದೆ ಕಬ್ಬಿಣದ ಡಯಲ್, ಸುತ್ತ ಒಂದು ಉಂಗುರ, ಹಿಂದೆ ಒಂದು ಒಳಮುಚ್ಚಳ. ಕಾಂತದ ಬಲರೇಖೆಗಳು ಯಂತ್ರದೊಳಕ್ಕೆ ನುಗ್ಗದೆ ಮೆತುಕಬ್ಬಿಣದ ಮೂಲಕವೇ ಸುತ್ತಿ ಹೊರಗೆ ಹೋಗುತ್ತವೆ. ಮೂರೂ ಸೇರಿ ಮುಚ್ಚಿಕೊಂಡಾಗ ಮಾತ್ರ ಈ ರಕ್ಷಣೆ. ಹಿಂದಿನ ಮುಚ್ಚಳ ಇಲ್ಲದಿದ್ದರೆ ಆ ಬದಿ ಪೂರ್ತಿ ಬಯಲು. ವಾಚನ್ನು ಮೇಜಿನ ಮೇಲಿಟ್ಟಾಗ ಕೆಳಗೆ ತಾಗುವುದೂ ಅದೇ ಬದಿ.

ಒಳಮುಚ್ಚಳ ಇಲ್ಲವೆಂದು ವಾಚು ಬಿಚ್ಚದೆ ಹೇಗೆ ಗೊತ್ತಾಯಿತು ಎಂದು ನಿಮ್ಮವರು ಕೇಳಿದರು. ಮೂರು ಆಧಾರಗಳಿವೆ. ಮಾರ್ಚ್ 11ರ ನಿಮ್ಮ ಸ್ವೀಕೃತಿ ಚೀಟಿಯಲ್ಲಿ ಪಟ್ಟಿಯಿಲ್ಲದ ವಾಚಿನ ತೂಕ 84.6 ಗ್ರಾಂ ಎಂದಿದೆ. ವಾಪಸ್ ಬಂದ ಮೇಲೆ ಇಲ್ಲಿನ ಚಿನ್ನದಂಗಡಿಯ ತಕ್ಕಡಿಯಲ್ಲಿ, ಪಟ್ಟಿ ತೆಗೆದು, ಮೂರು ಸಲ ತೂಗಿದಾಗ ಮೂರು ಸಲವೂ 80.5 ಗ್ರಾಂ. ವ್ಯತ್ಯಾಸ 4.1 ಗ್ರಾಂ. 33 ಮಿ.ಮೀ. ವ್ಯಾಸದ, 0.6 ಮಿ.ಮೀ. ದಪ್ಪದ ಕಬ್ಬಿಣದ ಬಿಲ್ಲೆ ಎಷ್ಟು ತೂಗುತ್ತದೆ ಎಂದು ಲೆಕ್ಕ ಹಾಕಿ: ಕಬ್ಬಿಣದ ಸಾಂದ್ರತೆ 7.87, ಉತ್ತರ ಹತ್ತಿರ ಹತ್ತಿರ 4 ಗ್ರಾಂ. ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ಉಂಗುರ) ಬದಲಿಸಿದರೆ, ಕೇಸಿಗೆ ಪಾಲಿಶ್ ಹಾಕಿದರೆ ನಾಲ್ಕು ಗ್ರಾಂ ಹೋಗುವುದಿಲ್ಲ. ಪಾಲಿಶ್ ಬೇಡವೆಂದು ಮೊದಲೇ ಬರೆದುಕೊಟ್ಟಿತ್ತು. ಎರಡನೆಯದು ದಿಕ್ಸೂಚಿ. ಕೇಸಿನ 316ಎಲ್ ಸ್ಟೀಲ್ ದಿಕ್ಸೂಚಿಯ ಮುಳ್ಳನ್ನು ಎಳೆಯುವುದಿಲ್ಲ, ಕಬ್ಬಿಣ ಎಳೆಯುತ್ತದೆ. ವಾಚಿನ ಡಯಲ್ ಬದಿ ಹತ್ತಿರ ತಂದರೆ ಮುಳ್ಳು ಚೆನ್ನಾಗಿ ತಿರುಗುತ್ತದೆ, ಹಿಂಬದಿ ತಂದರೆ ಅಷ್ಟು ತಿರುಗುವುದಿಲ್ಲ. ಮೂರನೆಯದು ನಿಮ್ಮದೇ ಜಾಬ್ ಕಾರ್ಡ್. ಅದರ ಎರಡನೇ ಪುಟದಲ್ಲಿ ‘ಒಳಮುಚ್ಚಳ ತೆಗೆದಿದೆ’ ಎಂಬ ಸಾಲಿನ ಮುಂದೆ ಟಿಕ್ ಇದೆ. ‘ಮರಳಿ ಹಾಕಿದೆ’ ಎಂಬ ಸಾಲಿನ ಮುಂದೆ ಖಾಲಿ.

ಇದರ ಫಲ ಒಂದೇ ವಾರದಲ್ಲಿ ಕಂಡಿತು. ಸರ್ವಿಸ್‌ಗೆ ಮುಂಚೆ ದಿನಕ್ಕೆ 5 ಸೆಕೆಂಡ್ ಮುಂದೆ ಓಡುತ್ತಿದ್ದ ವಾಚು 46 ಸೆಕೆಂಡ್ ಮುಂದೆ ಓಡತೊಡಗಿತು. ವಾಚಿನ ವೇಗ ಹಿಡಿದಿಡುವ ತೆಳು ಸುರುಳಿಯೇ ಹೇರ್‌ಸ್ಪ್ರಿಂಗ್. ಹೇರ್‌ಸ್ಪ್ರಿಂಗಿಗೆ ಕಾಂತತ್ವ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಆಗ ಕೆಲಸ ಮಾಡುವ ಸ್ಪ್ರಿಂಗಿನ ಉದ್ದ ಕಡಿಮೆಯಾಗಿ ವಾಚು ವೇಗವಾಗುತ್ತದೆ. ಮೇ 3ರಂದು ಊರಿನ ವಾಚ್ ರಿಪೇರಿಯವರು ಹಿಂದಿನ ಮುಚ್ಚಳ ತೆಗೆಯದೆಯೇ ಕಾಂತತ್ವ ತೆಗೆಯುವ ಡಿಮ್ಯಾಗ್ನೆಟೈಸರ್ ಎಂಬ ಉಪಕರಣದ ಕಾಯಿಲಿನ ಮೇಲೆ ವಾಚಿಟ್ಟು, ಉಪಕರಣದ ಗುಂಡಿ ಒತ್ತಿ ಹಿಡಿದು, ನಿಧಾನವಾಗಿ ಒಂದು ಮೊಳ ದೂರ ಎಳೆದ ಮೇಲೆ ಗುಂಡಿ ಬಿಟ್ಟರು. ಹತ್ತಿರವಿರುವಾಗಲೇ ಗುಂಡಿ ಬಿಟ್ಟರೆ ಇನ್ನಷ್ಟು ಕಾಂತತ್ವ ಹಿಡಿಯುತ್ತದೆ, ಅದಕ್ಕೇ ಆ ನಿಧಾನ. ದಿನಕ್ಕೆ 6 ಸೆಕೆಂಡಿಗೆ ಇಳಿಯಿತು. ಹತ್ತು ಸೆಕೆಂಡಿನ ಕೆಲಸ, ಅವರು ದುಡ್ಡೂ ತೆಗೆದುಕೊಳ್ಳಲಿಲ್ಲ.

46 ಸೆಕೆಂಡ್ ಏನು ದೊಡ್ಡದು ಎಂದು ಫೋನಿನಲ್ಲಿ ಒಬ್ಬರು ಕೇಳಿದ್ದರು. ಭೂಮಿ 4 ಸೆಕೆಂಡಿನಲ್ಲಿ ರೇಖಾಂಶದ ಒಂದು ಮಿನಿಟಿನಷ್ಟು ತಿರುಗುತ್ತದೆ, ಸಮಭಾಜಕದ ಮೇಲೆ ಅದು ಒಂದು ನಾಟಿಕಲ್ ಮೈಲಿ. ನಕ್ಷತ್ರ ನೋಡಿ ದಾರಿ ಹಿಡಿಯುತ್ತಿದ್ದ ನಾವಿಕನ ಕೈಯಲ್ಲಿ ಈ ವಾಚು ಇದ್ದಿದ್ದರೆ ಒಂದು ದಿನದ ತಪ್ಪೇ ಹನ್ನೊಂದೂವರೆ ನಾಟಿಕಲ್ ಮೈಲಿ, ಅಂದರೆ 21 ಕಿ.ಮೀ. ಕಿರುಹೊತ್ತಿಗೆಯಲ್ಲಿ ನೀವು ಹೆಸರಿಸಿದ ವಾಚುಗಳು ಹುಟ್ಟಿದ್ದೇ ಆ ತಪ್ಪು ಆಗದಿರಲೆಂದು.

ಎರಡನೇ ದೋಷ ತೇವ. ಮಳೆಗಾಲ ಹಿಡಿದ ಮೇಲೆ, ಜೂನ್ 9ರಂದು, ಗಾಜಿನ ಒಳಮೈಯಲ್ಲಿ 5ರ ಅಂಕಿಯಿಂದ 8ರ ಅಂಕಿಯವರೆಗೆ ಮಂಜು ಕಟ್ಟಿತು. ಮಸೂರ ಹಿಡಿದು ನೋಡಿದರೆ ಹಿಂದಿನ ಮುಚ್ಚಳ ಮತ್ತು ಕೇಸಿನ ನಡುವೆ, 7ರ ಕಡೆ, ಸುಮಾರು 2 ಮಿ.ಮೀ. ಉದ್ದದ ಕಪ್ಪು ರಬ್ಬರ್ ಎಳೆ ಹೊರಗೆ ಇಣುಕುತ್ತಿದೆ. ಇದು ಗ್ಯಾಸ್ಕೆಟ್ಟೇ. ಸಿಲಿಕೋನ್ ಗ್ರೀಸ್ ಸವರದೆ ಒಣಗಿರುವಂತೆಯೇ ಕೂರಿಸಿ ತಿರುಪಿನ ಮುಚ್ಚಳ ಬಿಗಿದರೆ ಗ್ಯಾಸ್ಕೆಟ್ ಮುಚ್ಚಳದ ಜೊತೆ ತಿರುಚಿಕೊಂಡು ತೋಡಿನಿಂದ ಎದ್ದು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿದೆ ಎಂದು ಕೈಗೆ ಅನಿಸುತ್ತದೆ, ಗಾಳಿ ಮಾತ್ರ ಒಳಗೆ ಹೋಗುತ್ತಿರುತ್ತದೆ. ಇದನ್ನು ಹಿಡಿಯಲು ಪ್ರೆಶರ್ ಟೆಸ್ಟೇ ಸಾಕು. ಬಿಲ್ಲಿನಲ್ಲಿ ಪ್ರೆಶರ್ ಟೆಸ್ಟ್ ಎಂದು ಬರೆದಿದ್ದೀರಿ, ಅದರ ಚೀಟಿ ಕೇಳಿದರೆ ಕೊಡುತ್ತಿಲ್ಲ. ಇಲ್ಲಿ ನಾವು ಮಾಡಿಸಿದ್ದು ಸರಳ ಪರೀಕ್ಷೆ: 40 ಡಿಗ್ರಿ ದಾಟಿದ ಬಿಸಿ ತಟ್ಟೆಯ ಮೇಲೆ ವಾಚನ್ನು 20 ನಿಮಿಷ ಇಟ್ಟು, ಗಾಜಿನ ಮೇಲೆ ತಣ್ಣೀರಿನ ಹನಿ ಬಿಟ್ಟು, ಒಂದು ನಿಮಿಷದ ಮೇಲೆ ಒರೆಸಿ ನೋಡುವುದು. ಹನಿ ಇದ್ದ ಜಾಗದಲ್ಲೇ ಒಳಗಡೆ ಮಂಜಿನ ವೃತ್ತ ಕಂಡಿತು, ಚಿತ್ರ ಲಗತ್ತಿಸಿದೆ. ಎಚ್‌ಎಂಟಿ ಪೈಲಟ್ ತೆಗೆದುಕೊಂಡು ಹೋದರೂ ನಮ್ಮೂರಿನ ರಿಪೇರಿಯವರು ಮುಚ್ಚಳ ಹಾಕುವ ಮುಂಚೆ ಗ್ಯಾಸ್ಕೆಟ್ ಕೂತಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ.

ಈಗ ಜೂನ್ 18ರ ವಿಷಯ. ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೊರಟು ನಿಮ್ಮ ಸೆಂಟರ್ ತಲುಪಿದಾಗ ಹನ್ನೊಂದೂಕಾಲು. ಟೋಕನ್ ಸಂಖ್ಯೆ 14, ಕರೆದದ್ದು ಹನ್ನೆರಡೂ ಹತ್ತಕ್ಕೆ. ಕೌಂಟರಿನವರು ವಾಚು ಕೈಗೆ ತೆಗೆದುಕೊಂಡು ಕೇಳಿದ ಮೊದಲ ಪ್ರಶ್ನೆ, “ಇದು ಒರಿಜಿನಲ್ಲಾ ಸಾರ್?” ಎಂಟು ವಾರದ ಹಿಂದೆ ಇದೇ ಕೌಂಟರಿನಲ್ಲಿ ನೀವೇ ಹಿಂದಿರುಗಿಸಿದ ವಾಚು, ನಿಮ್ಮದೇ ಜಾಬ್ ಕಾರ್ಡಿನಲ್ಲಿ ಸೀರಿಯಲ್ ನಂಬರ್ ಇದೆ ಎಂದು ಕಾಗದ ಮುಂದಿಟ್ಟೆ. ಅವರು ಕಾಗದ ನೋಡಲಿಲ್ಲ. “ಯಾವೂರು?” ಎಂದರು. ಚಿಕ್ಕಮಗಳೂರು ಎಂದೆ. “ಓ, ಎಸ್ಟೇಟ್ ಕಡೆಯವರು. ತೋಟದಲ್ಲಿ ಕೆಲಸ ಮಾಡೋವಾಗ ಕಟ್ಕೊಂಡಿದ್ರೆ ಹೀಗೇ ಆಗೋದು.” ಹಿಂದೆ ಸೋಫಾದಲ್ಲಿ ಕೂತಿದ್ದ ಇಬ್ಬರು ಗ್ರಾಹಕರು ತಲೆಯೆತ್ತಿ ನೋಡಿದರು. ಗ್ಯಾಸ್ಕೆಟ್ ಹೊರಗೆ ಬಂದಿರುವುದನ್ನು ತೋರಿಸಿದೆ. “ಅದು ಕೊಳೆ ಸಾರ್” ಎಂದು ಉಗುರಿನಿಂದ ಕೆರೆದರು. ಎಳೆ ಅಲ್ಲಾಡಲಿಲ್ಲ. ಒಳಮುಚ್ಚಳದ ಮಾತೆತ್ತಿದೆ. “ಯೂಟ್ಯೂಬ್ ನೋಡಿ ಬಂದವರೆಲ್ಲ ಮ್ಯಾಗ್ನೆಟ್ಟು ಗಿಗ್ನೆಟ್ಟು ಅಂತಾರೆ” ಎಂದು ಪಕ್ಕದವರ ಕಡೆ ತಿರುಗಿ ನಕ್ಕರು. ಪಕ್ಕದವರೂ ನಕ್ಕರು. ಆಮೇಲೆ ಅಲ್ಲಿದ್ದ ಒಬ್ಬ ಹುಡುಗನನ್ನು ಕರೆದು, “ಸಾರ್‌ಗೆ ಕೀಲಿ ಹೇಗೆ ಕೊಡೋದು ಸ್ವಲ್ಪ ತೋರಿಸಪ್ಪ” ಎಂದರು. ಆತ ನನ್ನ ವಾಚಿಗೇ ನನ್ನ ಮುಂದೆ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತ ಹತ್ತು ಸುತ್ತು ಕೀಲಿ ಕೊಟ್ಟ.

ಇಷ್ಟು ಹೊತ್ತೂ ಮಧ್ಯೆ ಮಧ್ಯೆ ವಾಚನ್ನು ಇಡುತ್ತಿದ್ದದ್ದು ಎಲ್ಲಿ? ಟ್ಯಾಬ್ಲೆಟ್ಟಿನ ಮಡಚುವ ಕವರಿನ ಅಂಚಿನ ಮೇಲೆ, ಹಿಂಬದಿ ಕೆಳಗಾಗಿ. ಆ ಅಂಚಿನಲ್ಲಿ ಸಾಲು ಸಾಲು ಆಯಸ್ಕಾಂತಗಳಿರುತ್ತವೆ. ಐಎಸ್‌ಒ 764 ಪ್ರಮಾಣದಲ್ಲಿ ಕಾಂತ ತಡೆಯುವ ವಾಚುಗಳಿಗೆ ಹೇಳಿರುವ ಪರೀಕ್ಷೆ 4,800 ಆಂಪಿಯರ್ ಪ್ರತಿ ಮೀಟರಿನದು, ಗಾಳಿಯಲ್ಲಿ ಸುಮಾರು 60 ಗಾಸ್. ಟ್ಯಾಬ್ಲೆಟ್ ಕವರಿನ ಆಯಸ್ಕಾಂತವನ್ನು ಮುಟ್ಟಿದರೆ ಅದಕ್ಕಿಂತ ಎಷ್ಟೋ ಪಟ್ಟು. ದಯವಿಟ್ಟು ಅಲ್ಲಿಡಬೇಡಿ ಎಂದು ಎರಡು ಸಲ ಹೇಳಿದೆ. ಮರುದಿನ ವಾಚು 52 ಸೆಕೆಂಡ್ ಮುಂದಿತ್ತು. ಏಪ್ರಿಲ್ 24ರಂದು ಸಹಿ ಹಾಕಿಸಿಕೊಂಡದ್ದೂ ಅದೇ ಟ್ಯಾಬ್ಲೆಟ್ಟಿನ ಮೇಲೆ.

ಕೊನೆಗೆ ಲಿಖಿತ ಉತ್ತರ ಕೊಟ್ಟರು: ‘ಗ್ರಾಹಕರು ಬೆಟ್ಟ ಪ್ರದೇಶದಲ್ಲಿ ಬಳಸಿರುವುದರಿಂದ ಗಾಳಿಯ ಒತ್ತಡ ಬದಲಾಗಿ ತೇವ ಸೇರಿದೆ, ವಾರಂಟಿ ಅನ್ವಯಿಸದು.’ ಇದನ್ನು ಬರೆದವರು ಯೋಚಿಸಿ ಬರೆದಿಲ್ಲ. ಮುಳ್ಳಯ್ಯನಗಿರಿಯ ತುದಿಯೂ 2,000 ಮೀಟರ್ ಮುಟ್ಟುವುದಿಲ್ಲ. ಪ್ರಯಾಣಿಕ ವಿಮಾನದೊಳಗಿನ ಗಾಳಿಯ ಒತ್ತಡವೇ 8,000 ಅಡಿ, ಅಂದರೆ 2,400 ಮೀಟರ್ ಎತ್ತರದಷ್ಟಕ್ಕೆ ಇಳಿಯಬಹುದು. ಸಮುದ್ರಮಟ್ಟಕ್ಕೂ ಮುಳ್ಳಯ್ಯನಗಿರಿಗೂ ಇರುವ ಒತ್ತಡದ ಅಂತರ 0.2 ಬಾರ್ ಆಸುಪಾಸು, ಎರಡು ಮೀಟರ್ ನೀರಿನಷ್ಟು. ನೀವು ಬರೆದುಕೊಟ್ಟಿರುವುದು 60 ಮೀಟರ್, ಅಂದರೆ 6 ಬಾರ್. ಬಾಬಾಬುಡನ್‌ಗಿರಿ ಹತ್ತಿ ಇಳಿದರೆ ಕೆಡುವ ಗಡಿಯಾರವನ್ನು ಪೈಲಟ್ ಹೆಸರಿನಲ್ಲಿ ಮಾರುವ ಹಕ್ಕು ನಿಮಗಿಲ್ಲ.

ಇನ್ನೊಂದು ಮಾತು, ಚಿಕ್ಕದು. ಪೂರ್ತಿ ಕೀಲಿ ಕೊಟ್ಟು, ಡಿಮ್ಯಾಗ್ನೆಟೈಸ್ ಆದ ಮೇಲೆ, ಯಂತ್ರದ ಮಾದರಿಗೆ ತಕ್ಕ ಲಿಫ್ಟ್ ಆ್ಯಂಗಲ್ ಎಂಬ ಕೋನವನ್ನು 50 ಡಿಗ್ರಿಗೆ ಹೊಂದಿಸಿ ಟೈಮಿಂಗ್ ಯಂತ್ರದಲ್ಲಿ ನೋಡಿದರೆ ಡಯಲ್ ಮೇಲಾಗಿ ಆ್ಯಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ಒಂದು ಬದಿಗೆ ತೂಗುವ ಕೋನ) 228 ಡಿಗ್ರಿ. ಸರ್ವಿಸ್‌ಗೆ ಮುಂಚೆ 262 ಇತ್ತು. ಯಂತ್ರ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದ ಮೇಲೆ 270 ದಾಟಬೇಕು. ಇಳಿದಿದೆ ಎಂದರೆ ಒಂದೋ ಎಣ್ಣೆ ಸರಿಯಾಗಿ ಹಾಕಿಲ್ಲ, ಇಲ್ಲವೇ ತೊಳೆದೇ ಇಲ್ಲ.

ಆಗಬೇಕಾದ್ದು ಇಷ್ಟು. ಇದೇ ಮಾದರಿಯ ಒಳಮುಚ್ಚಳ ಹಾಕಬೇಕು. ತೇವ ಕೂತ ಯಂತ್ರವನ್ನು ಪೂರ್ತಿ ಬಿಚ್ಚಿ ತುಕ್ಕು ನೋಡಬೇಕು, ಮುಖ್ಯವಾಗಿ ಕೀಲಿಯ ಕಾಂಡ ಮತ್ತು ಸ್ಕ್ರೂ ತಲೆಗಳಲ್ಲಿ. ಹಿಂಬದಿ, ಗುಂಡಿ, ಗಾಜು, ಈ ಮೂರು ಕಡೆಯ ಗ್ಯಾಸ್ಕೆಟ್‌ಗಳೂ ಹೊಸದಾಗಬೇಕು. 6 ಬಾರ್ ಪರೀಕ್ಷೆಯ ಚೀಟಿ, ಪೂರ್ತಿ ಕೀಲಿಯಲ್ಲೂ 24 ಗಂಟೆಯ ಮೇಲೂ ಐದು ಭಂಗಿಗಳಲ್ಲಿ ತೆಗೆದ ಟೈಮಿಂಗ್ ಅಂಕಿಗಳು ಜೊತೆಗಿರಬೇಕು. ಡಯಲ್ ಮತ್ತು ಮುಳ್ಳುಗಳನ್ನು ಬದಲಿಸಕೂಡದು. ಹೊಸ ಮುಳ್ಳಿನ ಹೊಳಪಿನ ಬಣ್ಣ ಹಳೆಯ ಡಯಲಿಗೆ ಹೊಂದುವುದಿಲ್ಲ. 45,430 ರೂ. ಹಿಂದಿರುಗಿಸಬೇಕು. ಬೆಟ್ಟದ ಮೇಲೆ ತಪ್ಪು ಹೊರಿಸಿದ ಆ ಉತ್ತರವನ್ನು ಲಿಖಿತವಾಗಿ ವಾಪಸ್ ಪಡೆಯಬೇಕು.

ಈ ಪತ್ರ ತಲುಪಿದ 15 ದಿನ ಮಾತ್ರ ಕಾಯುತ್ತೇನೆ. 16ನೇ ದಿನ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 35ನೇ ಕಲಮಿನಡಿ ದೂರು ದಾಖಲಾಗುತ್ತದೆ. ದೂರುದಾರ ವಾಸವಿರುವ ಊರಿನಲ್ಲೇ ದೂರು ಹಾಕಲು 34ನೇ ಕಲಮು ಅವಕಾಶ ಕೊಟ್ಟಿದೆ. ಆದ್ದರಿಂದ ಈ ಸಲ ಬೆಳಗಿನ ಬಸ್ಸು ಹತ್ತಬೇಕಾದವರು ನೀವು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. 38ನೇ ಕಲಮಿನಂತೆ ವಾಚನ್ನು ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸಲು ಆಯೋಗವನ್ನು ಕೇಳುತ್ತೇನೆ. ಅಲ್ಲಿ ಹಿಂಬದಿ ಬಿಚ್ಚಿದಾಗ ಒಳಮುಚ್ಚಳ ಇದೆಯೋ ಇಲ್ಲವೋ ಎಲ್ಲರೆದುರೇ ಕಾಣುತ್ತದೆ. ತೂಕದ ಚೀಟಿ, ಜಾಬ್ ಕಾರ್ಡ್, ಗಾಜಿನ ಮಂಜಿನ ಚಿತ್ರ, ಏಳು ಕರೆಗಳ ಪಟ್ಟಿ, ಎಲ್ಲದರ ಮೂರು ಮೂರು ಪ್ರತಿ ಈಗಲೇ ಸಿದ್ಧವಿವೆ. ಆ ದಿನ ಒರಿಜಿನಲ್ಲಾ ಎಂದು ಕೇಳಿದವರನ್ನೇ ಸಾಕ್ಷಿಯಾಗಿ ಕರೆಸಲು ಅರ್ಜಿಯೂ ಬರೆದಿಟ್ಟಿದೆ.

ಇಂತಿ,
ಜಾಬ್ ಕಾರ್ಡಿನಲ್ಲಿ ಹೆಸರಿರುವ ಗ್ರಾಹಕ