‘ಎಲ್ಲಾ ಸೇರಿ’ ಅಂದರೆ ಏನೇನು ಸೇರಿ?

ಸಂಪಾದಕರೇ, ನಮಸ್ಕಾರ.

ರಜೆ ಹತ್ತಿರ ಬಂತು ಅಂದರೆ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಫಾರಿನ್ ಟೂರ್ ಜಾಹೀರಾತುಗಳು ಶುರುವಾಗುತ್ತವೆ. ದೊಡ್ಡ ಗಡಿಯಾರ, ಕೆಂಪು ಬಸ್ಸು, ಕೆಳಗೆ ದಪ್ಪ ಅಕ್ಷರದಲ್ಲಿ ‘ಎಲ್ಲಾ ಸೇರಿ’ ಅಂತ ಒಂದು ರೇಟು. ಅದರ ಪಕ್ಕದಲ್ಲಿ ಒಂದು ಚುಕ್ಕಿ ಇರುತ್ತದೆ, ಆ ಚುಕ್ಕಿಯ ಅರ್ಥ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ. ನಾನು ಅದನ್ನು ಓದಲಿಲ್ಲ. ಬಾಗಲಕೋಟೆಯಲ್ಲಿ ಸೀರೆ ಅಂಗಡಿಯೊಂದರಲ್ಲಿ 28 ವರ್ಷದಿಂದ ಲೆಕ್ಕ ಬರೆಯುವವನು ನಾನು, ಮಂದಿಯ ಬಿಲ್ಲಿನಲ್ಲಿ ಎಂಟಾಣೆ ತಪ್ಪಿದ್ದರೂ ಹಿಡಿಯುತ್ತೇನೆ, ನನ್ನ ಸ್ವಂತ ಬಿಲ್ಲಿನಲ್ಲಿ ಮಾತ್ರ ಮೋಸ ಹೋದೆ. ಅದಕ್ಕೇ ಈ ಪತ್ರ.

2025ರ ಜೂನ್‌ನಲ್ಲಿ ನಾನು, ನನ್ನ ಹೆಂಡತಿ ಇಬ್ಬರೂ ಏಳು ದಿನ ಲಂಡನ್‌ಗೆ ಹೋಗಿ ಬಂದೆವು. ಮದುವೆಯಾಗಿ 25 ವರ್ಷ ಆಯಿತು ಅಂತ ಮಕ್ಕಳು ಹಟ ಮಾಡಿ ಕಳಿಸಿದ್ದು. ವಿಮಾನ, ಹೋಟೆಲ್, ಬೆಳಗಿನ ನಾಷ್ಟಾ ಪ್ಯಾಕೇಜಿನಲ್ಲಿತ್ತು. ಉಳಿದ ಕೈಖರ್ಚಿಗೆ ಎಷ್ಟು ಬೇಕು ಅಂತ ಏಜೆಂಟರನ್ನು ಕೇಳಿದರೆ, "ಎಲ್ಲಾ ನಮ್ಮದೇ ಇದೆ ಸರ್, ಚಹಾ ಪಾನಿಗೆ ಒಂದಿಷ್ಟು ಇಟ್ಟುಕೊಳ್ಳಿ" ಅಂದರು. ಸುಮ್ನೆ ಅಂದಾಜಿನ ಮೇಲೆ 50,000 ರೂಪಾಯಿ ತೆಗೆದಿಟ್ಟೆವು. ಆಗ ಪೌಂಡಿಗೆ 115ರ ಆಸುಪಾಸು ಇತ್ತು, 430 ಪೌಂಡ್ ಬಂತು. 390 ಫಾರೆಕ್ಸ್ ಕಾರ್ಡಿಗೆ (ವಿದೇಶಿ ಹಣ ತುಂಬಿಸಿಕೊಂಡು ಒಯ್ಯುವ ಕಾರ್ಡು) ಹಾಕಿಸಿ, 40 ನಗದು ಇಟ್ಟುಕೊಂಡೆವು. ಏಳು ದಿನಕ್ಕೆ ಧಾರಾಳ ಅನ್ನಿಸಿತ್ತು.

ಮೊದಲನೇ ದಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದು ಹೊರಗೆ ಬಂದರೆ ನಮ್ಮ ಹೆಸರಿನ ಬೋರ್ಡು ಹಿಡಿದವರು ಯಾರೂ ಇಲ್ಲ. ಫೋನ್ ಮಾಡಿದರೆ "ಪಿಕಪ್ ಪ್ಯಾಕೇಜಿನಲ್ಲಿ ಬರುವುದಿಲ್ಲ ಸರ್, ಕೆಳಗೆ ಬರೆದಿದೆಯಲ್ಲ" ಅನ್ನುವ ಉತ್ತರ. ಎರಡು ದೊಡ್ಡ ಬ್ಯಾಗು, ಹೊಸ ಊರು, ಹೆಂಡತಿಗೆ ಮೊಣಕಾಲು ನೋವು, ಎದುರಿಗೆ ಸಾಲಾಗಿ ನಿಂತ ಕರಿ ಟ್ಯಾಕ್ಸಿಗಳು. ಹತ್ತಿದೆವು. ಹೋಟೆಲ್ ಮುಂದೆ ಮೀಟರ್ 78 ಪೌಂಡ್ ತೋರಿಸುತ್ತಿತ್ತು. ಅಂದರೆ ಸುಮಾರು 9,000 ರೂಪಾಯಿ! ಅದೇ ನಿಲ್ದಾಣದ ಒಳಗಿಂದಲೇ ಪಿಕಡಿಲಿ ಲೈನ್ ಟ್ಯೂಬ್ ರೈಲು, ಅಂದರೆ ಅಲ್ಲಿನ ಮೆಟ್ರೊ, ಹೊರಡುತ್ತದೆ, ಆಗ ಒಬ್ಬರಿಗೆ 5.80 ಪೌಂಡ್, ಇಬ್ಬರಿಗೆ 11.60. ಇದು ಗೊತ್ತಾಗಿದ್ದು ಮಾರನೇ ದಿನ. ಅವತ್ತು ರಾತ್ರಿ ಊಟಕ್ಕೆ 28 ಪೌಂಡ್ ಬಿಲ್ಲು, ಅದರ ಮೇಲೆ ಹನ್ನೆರಡೂವರೆ ಪರ್ಸೆಂಟ್ ಸರ್ವಿಸ್ ಚಾರ್ಜ್. ಅದು ಕೊಡಲೇಬೇಕು ಅಂತೇನಿಲ್ಲ, ತೆಗೆಯಿರಿ ಅಂದರೆ ತೆಗೆಯುತ್ತಾರೆ, ಆದರೆ ನಮಗೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು? ನೀರಿನ ಎರಡು ಬಾಟಲಿಗೆ 5 ಪೌಂಡ್. ಅಲ್ಲಿ ನಲ್ಲಿ ನೀರನ್ನೇ ಎಲ್ಲರೂ ಕುಡಿಯುತ್ತಾರೆ, ಹೋಟೆಲಿನಲ್ಲಿ ಕೇಳಿದರೆ ಜಗ್ಗಿನಲ್ಲಿ ಪುಕ್ಕಟೆ ತಂದಿಡುತ್ತಾರೆ ಅನ್ನುವುದೂ ಗೊತ್ತಿರಲಿಲ್ಲ.

ಎರಡನೇ ದಿನದ ಕಥೆ ಇನ್ನೂ ಚಂದ. ಟ್ಯೂಬ್ ಗೇಟಿಗೆ ಫಾರೆಕ್ಸ್ ಕಾರ್ಡ್ ತಾಗಿಸಿದೆ, ತೆರೆಯಿತು, ನಾನು ಒಳಗೆ ಹೋದೆ. ಅದೇ ಕಾರ್ಡನ್ನು ಹಿಂದಕ್ಕೆ ಕೊಟ್ಟು ಹೆಂಡತಿಗೆ ತಾಗಿಸು ಅಂದೆ. ಗೇಟು ಮುಚ್ಚಿಕೊಂಡೇ ನಿಂತಿತು. ನಾನು ಈ ಕಡೆ, ಆಕೆ ಆ ಕಡೆ, ಹಿಂದೆ ಆಫೀಸಿಗೆ ಹೊರಟ ಮಂದಿಯ ಸಾಲು. ಒಬ್ಬರಿಗೆ ಒಂದೇ ಕಾರ್ಡು, ಒಂದು ಕಾರ್ಡಿನಲ್ಲಿ ಇಬ್ಬರು ಹೋಗುವ ಹಾಗಿಲ್ಲ. ಅಲ್ಲಿನ ಸಿಬ್ಬಂದಿ ಬಂದು ನಗುತ್ತಲೇ ತಿಳಿಸಿಹೇಳಿ, ಆಕೆಗೆ ಆಯ್ಸ್ಟರ್ ಕಾರ್ಡ್ (ದುಡ್ಡು ತುಂಬಿಸಿ ಬಸ್ಸು, ಟ್ಯೂಬಿಗೆ ಬಳಸುವ ಕಾರ್ಡು) ಕೊಡಿಸಿದರು. ಬರೀ ಆ ಖಾಲಿ ಕಾರ್ಡಿಗೇ ಆಗ 7 ಪೌಂಡ್, ವಾಪಸ್ ಬರುವ ದುಡ್ಡಲ್ಲ. ಹೋಗುವವರು ಇಬ್ಬರಿದ್ದರೆ ಎರಡು ಕಾರ್ಡು ಇಟ್ಟುಕೊಳ್ಳಿ, ಎರಡರಲ್ಲೂ ಹೊರದೇಶದ ಬಳಕೆ ಮತ್ತು ಟ್ಯಾಪ್ ಮಾಡುವ ಸೌಲಭ್ಯ ಶುರುವಾಗಿದೆಯೇ ಅಂತ ಇಲ್ಲೇ ನೋಡಿಕೊಂಡು ಹೋಗಿ. ಅಲ್ಲಿ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದೇ ಇಲ್ಲ, ಕಂಡಕ್ಟರನೂ ಇಲ್ಲ.

ಅವತ್ತೇ ಲಂಡನ್ ಟವರ್ ಅನ್ನುವ ಹಳೆಯ ಕೋಟೆ ನೋಡಿದೆವು. ತಲೆಗೆ 35 ಪೌಂಡಿನ ಮೇಲೆ ಟಿಕೆಟ್. ಒಳಗೆ ಕೊಹಿನೂರ್ ಇದೆ. ನಮ್ಮ ಕಡೆಯಿಂದಲೇ ಹೋದ ಕಲ್ಲನ್ನು ನೋಡಲು ಇಬ್ಬರೂ ಸೇರಿ 8,000 ರೂಪಾಯಿ ಮೇಲೆ ಕೊಟ್ಟು ಬಂದೆವು, ಏನು ಹೇಳೋಣ.

ಮೂರನೇ ರಾತ್ರಿ ಕೂತು ಕೀರ್ದಿ ಬರೆದೆ. ಅಂಗಡಿಯ ರೂಢಿ, ಬಿಡುವುದಿಲ್ಲ. ಹೋದದ್ದು 333 ಪೌಂಡ್, ಉಳಿದದ್ದು 97. ಇನ್ನೂ ನಾಲ್ಕು ದಿನ ಇತ್ತು. ಹೆಂಡತಿ ಪುಸ್ತಕ ನೋಡಿ, "ಅಲ್ರೀ, ನೀವು ಪ್ರತಿ ಚಾಕ್ಕೂ ರೂಪಾಯಿ ಲೆಕ್ಕ ಹಾಕಿ ಸಂಕಟ ಪಡ್ತೀರಿ, ಆದ್ರ ದಿನಕ್ಕ ಎಷ್ಟು ಖರ್ಚ್ ಮಾಡಬೇಕಂತ ಒಮ್ಮೆನೂ ಹೇಳಲಿಲ್ಲ" ಅಂದಳು. ಮಾತು ಖರೇ ಇತ್ತು. ಒಂದು ಕಪ್ ಚಹಾ ಮೂರೂವರೆ ಪೌಂಡ್, ಅಂದರೆ 400 ರೂಪಾಯಿ ಅಂತ ಗುಣಿಸುತ್ತಾ ಕೂತರೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಗುಣಿಸದೆ ಬಿಟ್ಟರೆ ಚೀಲ ಖಾಲಿಯಾಗುತ್ತದೆ. ರೂಪಾಯಿ ಲೆಕ್ಕವನ್ನು ಮನೆಯಲ್ಲೇ ಒಂದು ಸಲ ಮುಗಿಸಿ, ದಿನಕ್ಕೆ ಇಷ್ಟು ಪೌಂಡ್ ಅಂತ ಕಟ್ಟಿಕೊಂಡು ಹೋಗಬೇಕಿತ್ತು. ಅಲ್ಲಿ ಹೋದ ಮೇಲೆ ಪೌಂಡಿನಲ್ಲೇ ಎಣಿಸಬೇಕು.

ನಾಲ್ಕನೇ ದಿನದಿಂದ ದಿನಕ್ಕೊಂದು ಪುಟ ಮಾಡಿದೆವು. ಟ್ಯೂಬ್ ಬಿಟ್ಟು ಬಸ್ ಹಿಡಿದೆವು. ಬಸ್ಸಿಗೆ ಆಗ ಒಂದು ಸಲ ಹತ್ತಿದರೆ 1.75 ಪೌಂಡ್, ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಅಷ್ಟೇ, ಇಡೀ ದಿನ ಸುತ್ತಿದರೂ 5.25ರ ಮೇಲೆ ಕತ್ತರಿಸುತ್ತಿರಲಿಲ್ಲ. ಟ್ಯೂಬಿಗೂ ಹೀಗೇ ಮಿತಿ ಇದೆ, ಊರ ನಡುವಿನ ಒಂದು, ಎರಡನೇ ವಲಯಕ್ಕೆ ಆಗ 8.90 ಇತ್ತು. ಪ್ರವಾಸಿಗಳ ತೆರೆದ ಬಸ್ಸಿಗೆ ಇದರ ಎಷ್ಟೋ ಪಟ್ಟು ಕೊಡಬೇಕು. ಟ್ರಫಾಲ್ಗರ್ ಚೌಕದಿಂದ ಸೇಂಟ್ ಪಾಲ್ಸ್ ಚರ್ಚ್ ಮುಂದೆ ಹಾದು ಟವರ್ ಕಡೆ ಹೋಗುವ 15ನೇ ನಂಬರ್ ಸಿಟಿ ಬಸ್ಸಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿದರೆ ನೋಟ ಹೆಚ್ಚು ಕಡಿಮೆ ಅದೇ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಮೂರಕ್ಕೂ ಪ್ರವೇಶ ಪುಕ್ಕಟೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಧ್ರದ ಅಮರಾವತಿ ಸ್ತೂಪದ ಶಿಲ್ಪಗಳಿವೆ, ಕೊಹಿನೂರ್‌ಗಿಂತ ನನಗೆ ಅದೇ ಹಿಡಿಸಿತು. ಏಜೆಂಟರ ಪಟ್ಟಿಯಲ್ಲಿ ಈ ಮೂರರ ಹೆಸರೇ ಇರಲಿಲ್ಲ, ಟಿಕೆಟ್ ಇಲ್ಲದ ಕಡೆ ಅವರಿಗೇನು ಸಿಗುತ್ತದೆ, ಅಲ್ವಾ?

ಮಧ್ಯಾಹ್ನಕ್ಕೆ ಸೂಪರ್ ಮಾರ್ಕೆಟ್‌ನ ‘ಮೀಲ್ ಡೀಲ್’. ಒಂದು ಸ್ಯಾಂಡ್‌ವಿಚ್, ಒಂದು ಕುರುಕಲು, ಒಂದು ಪಾನೀಯ ಸೇರಿ 4 ಪೌಂಡ್ ಹತ್ತಿರ. ಸಂಜೆ ಯೂಸ್ಟನ್ ಸ್ಟೇಷನ್ ಪಕ್ಕದ ಡ್ರಮಂಡ್ ಸ್ಟ್ರೀಟ್‌ನಲ್ಲಿ ನಮ್ಮ ದೇಶದ ಸಸ್ಯಾಹಾರಿ ಹೋಟೆಲುಗಳಿವೆ, ದೋಸೆ ಭೇಲ್ ಎಲ್ಲಾ ಸಿಗುತ್ತದೆ.

ಇನ್ನು ಕಡಕ್ ರೊಟ್ಟಿಯ ವಿಷಯ. ನನ್ನ ಹೆಂಡತಿ ಹೇಳದೆ ಕೇಳದೆ 30 ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬ್ಯಾಗಿನ ತಳಕ್ಕೆ ತುಂಬಿದ್ದಳು. ಮೊದಲು ನಾನೇ ನಕ್ಕಿದ್ದೆ. ಐದನೇ ದಿನ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋದೆವು. ಪಾರ್ಲಿಮೆಂಟ್ ಇರುವುದು ಹೊಳೆಯ ಆ ದಂಡೆಗೆ, ಈ ದಂಡೆಗೆ ನಮ್ಮ ಬಸವಣ್ಣನವರ ಪುತ್ಥಳಿ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಕೂಡಲಸಂಗಮದ ಜಿಲ್ಲೆಯವರು ಅಷ್ಟು ದೂರ ಹೋಗಿ ಅಲ್ಲಿ ನಿಂತಾಗ ಏನನ್ನಿಸುತ್ತದೆ ಅಂತ ಬರೆಯಲು ನನಗೆ ಬರುವುದಿಲ್ಲ. ಹೊಳೆಗೆ ಮುಖ ಮಾಡಿದ ಬೆಂಚಿನ ಮೇಲೆ ಕೂತು ರೊಟ್ಟಿ ಮುರಿದು, ಚಟ್ನಿಗೆ ಅಲ್ಲೇ ಅಂಗಡಿಯ ಮೊಸರು ಕಲಸಿಕೊಂಡು ತಿಂದೆವು. ರೊಟ್ಟಿ ಮುರಿಯುವ ಸಪ್ಪಳಕ್ಕೆ ಒಂದು ಪಾರಿವಾಳ ಬಂದು ಕಾಲ ಬುಡದಲ್ಲೇ ಕೂತಿತು. ಅವತ್ತಿನ ಪುಟದಲ್ಲಿ ಬಸ್ಸಿಗೆ 10.50, ಮೊಸರಿಗೆ 1.20, ಇಷ್ಟೇ ಇದೆ. ರಾತ್ರಿಯೂ ರೊಟ್ಟಿಯೇ.

ಒಂದು ಎಚ್ಚರ: ಹಾಲಿನ ಪದಾರ್ಥ ಇಲ್ಲಿಂದ ಒಯ್ಯುವ ಹಾಗಿಲ್ಲ, ಅಲ್ಲಿನ ಕಸ್ಟಮ್ಸ್ ನಿಯಮ. ಬೆಳಗಾವಿಯ ಕುಂದಾ, ಧಾರವಾಡದ ಪೇಡೆ ಮನೆಯಲ್ಲೇ ಬಿಟ್ಟು ಹೋಗಿ.

ಕೊನೆಯ ನಾಲ್ಕು ದಿನಕ್ಕೆ ಒಟ್ಟು 210 ಪೌಂಡ್ ಆಯಿತು, ಮಕ್ಕಳ ಚಾಕೊಲೇಟು, ವಾಪಸ್ ಟ್ಯೂಬಿನಲ್ಲಿ ಹೀಥ್ರೂಗೆ ಬಂದದ್ದು ಎಲ್ಲಾ ಹಿಡಿದು. ಕಡಿಮೆ ಬಿದ್ದ 113 ಪೌಂಡ್ ಕ್ರೆಡಿಟ್ ಕಾರ್ಡಿನಿಂದ ಕೊಟ್ಟೆ. ಅದರ ಮೇಲೆ ಬ್ಯಾಂಕು ಮೂರೂವರೆ ಪರ್ಸೆಂಟ್ ಹಿಡಿಯಿತು, ಆ ಮೂರೂವರೆ ಪರ್ಸೆಂಟಿಗೆ ಮತ್ತೆ 18 ಪರ್ಸೆಂಟ್ ಜಿಎಸ್‌ಟಿ. ಐನೂರು ರೂಪಾಯಿ ಚಿಲ್ಲರೆ ಸುಮ್ನೆ ಹೋಯಿತು. ಅಂಗಡಿಯ ಮಷೀನು "ಪೌಂಡಿನಲ್ಲೋ, ರೂಪಾಯಿಯಲ್ಲೋ" ಅಂತ ಕೇಳುತ್ತದೆ. ರೂಪಾಯಿ ಕಂಡ ಕೂಡಲೇ ನಮ್ಮವರು ಖುಷಿಯಾಗಿ ಅದನ್ನೇ ಒತ್ತುತ್ತಾರೆ, ಆ ರೇಟು ಇನ್ನೂ ದುಬಾರಿ. ಪೌಂಡ್ ಅಂತಲೇ ಒತ್ತಿ. ನೆಂಟರೊಬ್ಬರು ಪ್ರೀತಿಯಿಂದ ಕೊಟ್ಟಿದ್ದ ಹಳೆಯ ಕಾಗದದ 20 ಪೌಂಡ್ ನೋಟನ್ನೂ ಯಾರೂ ಮುಟ್ಟಲಿಲ್ಲ. 2022ರ ಸೆಪ್ಟೆಂಬರ್ ಕೊನೆಗೇ ಅದರ ಚಲಾವಣೆ ನಿಂತಿದೆ, ಈಗಿನವು ಪ್ಲಾಸ್ಟಿಕ್ ನೋಟು.

ಟಿಸಿಎಸ್ (ಪ್ಯಾಕೇಜಿನ ದುಡ್ಡಿನ ಜೊತೆಗೇ ಏಜೆಂಟರು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಬಗ್ಗೆಯೂ ಏಜೆಂಟರು ಕೊನೇ ಕಂತಿನ ದಿನವೇ ಬಾಯಿ ಬಿಟ್ಟರು. ಪ್ಯಾಕೇಜಿನ ಮೇಲೆ ಆಗ 5 ಪರ್ಸೆಂಟ್ ಇತ್ತು, 3,40,000ಕ್ಕೆ 17,000 ರೂಪಾಯಿ. ಇದು ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು, ದರವೂ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ. ಆದರೆ ಹೊರಡುವ ವಾರ ಅಷ್ಟು ಹಣ ಕೈಯಿಂದ ಹೋಗುತ್ತದೆ ಅಂತ ಮೊದಲೇ ಹೇಳಬೇಕೋ ಬೇಡವೋ?

ಈಗ ಯಾರಾದರೂ ಕೇಳಿದರೆ ನಾನು ಹೇಳುವ ಲೆಕ್ಕ ಇಷ್ಟು. ನಮ್ಮಂಥ ಸಸ್ಯಾಹಾರಿ, ಸಾಧಾರಣ ಮಂದಿಗೆ ತಲೆಗೆ ದಿನಕ್ಕೆ 35 ಪೌಂಡ್, ಇಬ್ಬರಿಗೆ ಏಳು ದಿನಕ್ಕೆ 490. ನೋಡಲೇಬೇಕಾದ ಒಂದೆರಡು ಟಿಕೆಟಿಗೆ ಬೇರೆ 90. ಯಾವುದಕ್ಕೂ ಇರಲಿ ಅಂತ ಒಂದು ದಿನದ ಖರ್ಚು 70, ಅದನ್ನು ಮುಟ್ಟಬಾರದು. ಒಟ್ಟು 650 ಪೌಂಡ್, ಅವತ್ತಿನ ರೇಟಿಗೆ 75,000 ರೂಪಾಯಿ. ಶಾಪಿಂಗ್ ಇದರಲ್ಲಿಲ್ಲ, ಮತ್ತೆ 2021ರಿಂದ ಲಂಡನ್ ಅಂಗಡಿಗಳಲ್ಲಿ ಪ್ರವಾಸಿಗಳಿಗೆ ವ್ಯಾಟ್ ವಾಪಸ್ ಕೊಡುವುದೂ ಇಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೇಳಿಕೆ ಒಂದೇ. ಈ ಜಾಹೀರಾತು ತೆಗೆದುಕೊಳ್ಳುವಾಗ ‘ಏನು ಸೇರಿಲ್ಲ’ ಅನ್ನುವ ಸಾಲನ್ನೂ ರೇಟಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ ಅಂತ ಅವರಿಗೆ ಹೇಳಿ. ಮಧ್ಯಾಹ್ನದ ಊಟ, ರಾತ್ರಿಯ ಊಟ, ವಿಮಾನ ನಿಲ್ದಾಣದಿಂದ ಹೋಟೆಲಿಗೆ ಗಾಡಿ, ಊರೊಳಗಿನ ಓಡಾಟ, ಟಿಸಿಎಸ್, ಇಷ್ಟಕ್ಕೆ ಒಂದು ಸಾಲು ಸಾಕು. ನನ್ನ ಸಡ್ಡಕ ಬರುವ ದೀಪಾವಳಿಗೆ ಸಿಂಗಪುರಕ್ಕೆ ಹೊರಟಿದ್ದಾರೆ, ನಿಮ್ಮದೇ ಪತ್ರಿಕೆಯ ಜಾಹೀರಾತು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಭೂತಗನ್ನಡಿ ಹಿಡಿದು ಇಬ್ಬರೂ ತಳದ ಸಾಲು ಓದಿದೆವು. ಅದರಲ್ಲಿ ಬೆಳಗಿನ ನಾಷ್ಟಾನೂ ಇಲ್ಲ.

ಇಂತಿ,
ನಿಮ್ಮ ಓದುಗ,
ನವನಗರ, ಬಾಗಲಕೋಟೆ